ವಿದ್ಯಾತಪಸ್ವಿ ರ‍್ಯಾಂಗ್ಲರ್ ಡಿ. ಸಿ. ಪಾವಟೆಯವರು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಒಕ್ಕಲಿನ ಮನೆಯ ಹುಡುಗನೊಬ್ಬನು ಗಣಿತದಲ್ಲಿಯೋ ಭೌತಶಾಸ್ತ್ರದಲ್ಲಿಯೋ ಉನ್ನತ ವ್ಯಾಸಂಗ ಮಾಡಬೇಕೆಂದು 1956ಕ್ಕೆ ಮುಂಚೆ ಬಯಸಿದ್ದರೆ ಅವನ ಮುಂದೆ ಇದ್ದ ದಾರಿ ಹೈದರಾಬಾದಿನದು. ಅಲ್ಲಿಯ ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪಿತವಾದಾಗಿನಿಂದ ನಿಜಾಮರ ಆಳಿಕೆ ಮುಗಿಯುವವರೆಗೆ ಉರ್ದು ಮಾಧ್ಯಮದಲ್ಲಿಯೇ ಬೋಧಿಸುತ್ತಿದ್ದಿತು. ಮನೆಯಲ್ಲಿ ಕನ್ನಡ, ಆಳಂದದ ಗಡಿಯ ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಉರ್ದು; ಇಷ್ಟನ್ನೂ ದಾಟಿ ಕಲನಶಾಸ್ತ್ರದ ಬಾಗಿಲಿಗೆ ಬರುವ ಹೊತ್ತಿಗೆ ಬಹುಮಂದಿಯ ಕಸುವು ಮುಗಿದಿರುತ್ತಿತ್ತು. ಪದವಿಯೇ ಇಷ್ಟು ದುರ್ಲಭವಾಗಿರಲು ಸಂಶೋಧನೆಯ ಮಾತನ್ನು ಆಡುವವರಾದರೂ ಯಾರು? ಆ ಮಾತನ್ನು ಆಡಬಹುದಾದ ಕಾಲವೊಂದು ಬಂದಿತು. ಅದಕ್ಕೆ ಕಾರಣರಾದ ಕೆಲವರಲ್ಲಿ ಭೀಮಾತೀರದವರಲ್ಲದ, ಗೋಕಾವಿ ಸೀಮೆಯ ದಾದಪ್ಪ ಚಿಂತಪ್ಪ ಪಾವಟೆಯವರು ಮುಖ್ಯರು.

ಈ ನೆಲಕ್ಕೆ ಶಾಸ್ತ್ರವಿದ್ಯೆ ಹೊಸದೇನೂ ಅಲ್ಲ. ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಋಣರಾಶಿಗೆ ವರ್ಗಮೂಲವಿಲ್ಲವೆಂಬುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿ ಗುರುತಿಸಿದ ಗ್ರಂಥವದು. ಮಳಖೇಡದಿಂದ ಬಹುದೂರವಲ್ಲದ ನಾಗಾವಿಯಲ್ಲಿ ಚಾಲುಕ್ಯರ ದಂಡನಾಯಕ ಮಧುಸೂದನನು ಸ್ಥಾಪಿಸಿದ ಘಟಿಕಾಸ್ಥಾನವಿದ್ದಿತು. 1058ರ ಅದರ ಶಾಸನವು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ದತ್ತಿಯನ್ನು ಹೇಳುವುದಲ್ಲದೆ ಆರು ಮಂದಿ ಸರಸ್ವತೀಭಂಡಾರಿಗರಿಗೂ, ಎಂದರೆ ಗ್ರಂಥಪಾಲಕರಿಗೂ ವೃತ್ತಿಯನ್ನು ಗೊತ್ತುಪಡಿಸುತ್ತದೆ. ಗ್ರಂಥಗಳನ್ನು ಕಾಯ್ದು ತೆಗೆದುಕೊಡುವವನಿಲ್ಲದೆ ವಿದ್ಯೆ ಮುಂದುವರಿಯದೆಂಬುದನ್ನು ಆ ದಂಡನಾಯಕನು ಅರಿತಿದ್ದನು. ಅಂತಹ ನಾಡು ಮುಂದೆ ಒಂದು ಭೌತಶಾಸ್ತ್ರದ ಪತ್ರಿಕೆಯನ್ನು ನೋಡಬೇಕಾದರೂ ಪರವೂರಿನ ಮುಖ ನೋಡುವಂತಾಯಿತು. ಪಾವಟೆಯವರ ಜೀವನದ ಕೆಲಸದ ತೂಕವನ್ನು ಅಳೆಯುವುದಕ್ಕೆ ಈ ಹಿನ್ನೆಲೆ ಅವಶ್ಯ.

ಪಾವಟೆಯವರು ಹುಟ್ಟಿದುದು 1899ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಆ ವರ್ಷದ ಮಳೆ ಕೈಕೊಟ್ಟು ಮುಂಬಯಿ ಇಲಾಖೆಯ ಬಹುಭಾಗವು ಘೋರ ಕ್ಷಾಮಕ್ಕೆ ತುತ್ತಾಯಿತು; ಪ್ಲೇಗಿನ ಹಾವಳಿಯೂ ಇನ್ನೂ ಅಡಗಿರಲಿಲ್ಲ. ಸಾಮಾನ್ಯ ಸ್ಥಿತಿಯ ಮನೆತನ. ಬೆಳಗಾವಿ ಸೀಮೆಯಲ್ಲಿ ಆಗ ಕನ್ನಡದ ಹುಡುಗನಿಗೆ ಇಂಗ್ಲಿಷ್ ಶಾಲೆ ಸಿಗುವುದು ಕಷ್ಟ. ಸಿಕ್ಕರೂ ಅಲ್ಲಿ ಕನ್ನಡ ಸಿಗುವುದು ಇನ್ನೂ ಕಷ್ಟ. ಆದರೆ ಕಾಲವು ಹೊರಳತೊಡಗಿತ್ತು. ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ದಪ್ಪನವರೂ ಸಮಾಜದ ಬಡ ಹುಡುಗರ ಓದಿಗಾಗಿ 1883ರಲ್ಲಿಯೇ ಧಾರವಾಡದಲ್ಲಿ ನಿಧಿಯನ್ನು ಕೂಡಿಸಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಹಳ್ಳಿಯ ಜಾಣ ಹುಡುಗನೊಬ್ಬನು ಪುಣೆಯನ್ನೋ ಮುಂಬಯಿಯನ್ನೋ ಸೇರದೆಯೂ ಪದವೀಧರನಾಗಬಹುದೆಂಬ ಭರವಸೆ ಆ ತಲೆಮಾರಿಗೆ ಮೊದಲ ಬಾರಿ ದೊರೆಯಿತು. ಪಾವಟೆಯವರು ಆ ತಲೆಮಾರಿನವರು. ಅವರಿಗೆ ಒಲಿದ ವಿದ್ಯೆ ಗಣಿತ. ಅದು ಅವರನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಕರೆದೊಯ್ದಿತು.

ಕೇಂಬ್ರಿಜ್ಜಿನ ಗಣಿತ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಹಿಂದಿನ ಕಾಲದಲ್ಲಿ ವಿದ್ಯಾರ್ಥಿಯೊಡನೆ ವಾದ ಹೂಡುವ ಪದವೀಧರನು ಕೂಡುತ್ತಿದ್ದ ಮೂರು ಕಾಲಿನ ಪೀಠದಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಅದರಲ್ಲಿ ಪ್ರಥಮ ಶ್ರೇಣಿ ಪಡೆದವರಿಗೆ ರ‍್ಯಾಂಗ್ಲರ್ ಎಂಬ ಬಿರುದು. ರ‍್ಯಾಂಗ್ಲರ್ ಎಂದರೆ ವಾದಿ. ನಮ್ಮ ಪಾಠಶಾಲೆಗಳಲ್ಲಿ ವಾಕ್ಯಾರ್ಥ ನಡೆಸಿ ಗೆದ್ದವನಿಗೆ ಶಾಲು ಹೊದಿಸುವ ಸಂಪ್ರದಾಯವನ್ನು ಬಲ್ಲವರಿಗೆ ಈ ಹೆಸರಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾವಟೆಯವರು ಹುಟ್ಟಿದ 1899ರಲ್ಲಿಯೇ ರಘುನಾಥ ಪುರುಷೋತ್ತಮ ಪರಾಂಜಪೆಯವರು ಸೀನಿಯರ್ ರ‍್ಯಾಂಗ್ಲರ್ ಆಗಿ, ಆ ಸ್ಥಾನವನ್ನು ಪಡೆದ ಮೊದಲ ಭಾರತೀಯರೆನಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಮುಂಬಯಿ ಇಲಾಖೆಯ ವಿದ್ಯಾವಂತರ ಬಾಯಲ್ಲಿ ರ‍್ಯಾಂಗ್ಲರ್ ಎಂಬ ಮಾತು ಮಂತ್ರದಂತಾಯಿತು. ಹೆಸರುಗಳನ್ನು ಅಂಕಗಳ ಕ್ರಮದಲ್ಲಿ ಸಾರುವ ಪದ್ಧತಿ 1909ರ ತರುವಾಯ ನಿಂತುಹೋದರೂ ಬಿರುದಿನ ಬೆಲೆ ಕುಂದಲಿಲ್ಲ. ಮಮದಾಪುರದ ದಾದಪ್ಪನವರು 1927ರಲ್ಲಿ ಆ ಬಿರುದನ್ನು ಗಳಿಸಿದರು.

ಅವರು ಅಲ್ಲಿದ್ದ ಕಾಲದ ಕೇಂಬ್ರಿಜ್ ಸಾಮಾನ್ಯವಾದುದಲ್ಲ. ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ರುದರ್‌ಫರ್ಡ್ ಪರಮಾಣುವಿನ ಗರ್ಭವನ್ನು ಶೋಧಿಸುತ್ತಿದ್ದರು. ಎಡಿಂಗ್ಟನ್ ನಕ್ಷತ್ರಗಳ ಒಡಲನ್ನು ಸಮೀಕರಣಗಳಲ್ಲಿ ಹಿಡಿಯುತ್ತಿದ್ದರು. ಡಿರಾಕ್ ಎಂಬ ತರುಣನು 1926ರಲ್ಲಿ ಕ್ವಾಂಟಮ್ ಬಲವಿಜ್ಞಾನವನ್ನು ಕುರಿತು ಮಹಾಪ್ರಬಂಧವನ್ನು ಒಪ್ಪಿಸಿ ಡಾಕ್ಟರ್ ಪದವಿ ಪಡೆದನು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಡಾಕ್ಟರ್ ಆಫ್ ಫಿಲಾಸಫಿ ಎಂಬ ಪದವಿ ಕೇಂಬ್ರಿಜ್ಜಿಗೇ ಆಗ ಹೊಸದು. ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದ ಈ ಪದ್ಧತಿಯನ್ನು ಇಂಗ್ಲೆಂಡಿನವರು ಸ್ವೀಕರಿಸಿದುದು ಮೊದಲನೆಯ ಮಹಾಯುದ್ಧದ ಕಾಲಕ್ಕೆ. ಶ್ರೀನಿವಾಸ ರಾಮಾನುಜನ್ನರ ಸಂಶೋಧನೆಗೆ 1916ರಲ್ಲಿ ಕೇಂಬ್ರಿಜ್ ಕೊಡಲು ಸಾಧ್ಯವಾದುದು ಸಂಶೋಧನಾಧಾರಿತ ಬಿ.ಎ. ಪದವಿ ಮಾತ್ರ. ಪಾವಟೆಯವರ ಕಾಲಕ್ಕೆ ಎರಡು ಮಾರ್ಗಗಳೂ ತೆರೆದಿದ್ದವು. ಒಂದು ಪರೀಕ್ಷೆಯ ಮಾರ್ಗ: ಇದ್ದ ಶಾಸ್ತ್ರವನ್ನು ಸಮಗ್ರವಾಗಿ ವಶಮಾಡಿಕೊಂಡು ಗೊತ್ತಾದ ಹೊತ್ತಿನಲ್ಲಿ ಕಠಿಣ ಸಮಸ್ಯೆಗಳನ್ನು ಬಿಡಿಸುವುದು. ಇನ್ನೊಂದು ಮಹಾಪ್ರಬಂಧದ ಮಾರ್ಗ: ಯಾರೂ ಬಿಡಿಸದ ಒಂದು ಪ್ರಶ್ನೆಯನ್ನು ಹಿಡಿದು ಮೂರು ನಾಲ್ಕು ವರ್ಷ ಅದರೊಡನೆ ಸೆಣಸಿ, ಶಾಸ್ತ್ರಕ್ಕೆ ಒಂದು ಅಂಗುಲವಾದರೂ ಹೊಸ ನೆಲವನ್ನು ಸೇರಿಸುವುದು. ಪಾವಟೆಯವರು ಮೊದಲನೆಯದರಲ್ಲಿ ಗೆದ್ದುಬಂದವರು. ಮುಂದೆ ಅವರ ಹೆಸರಿನ ಹಿಂದೆ ನಿಂತ ಡಾಕ್ಟರ್ ಎಂಬುದು ಗೌರವಪದವಿಯಿಂದ ಬಂದುದು. ಎರಡನೆಯ ಮಾರ್ಗವನ್ನು ಅವರು ಇತರರಿಗಾಗಿ ಕಡಿದರು. ಪ್ರಯೋಗಶಾಲೆ, ಗ್ರಂಥಾಲಯ, ಗುರು ಇವು ಮೂರೂ ಒಂದೆಡೆ ಕೂಡಿದಾಗ ಏನಾಗುವುದೆಂಬುದನ್ನು ಅವರು ಕೇಂಬ್ರಿಜ್ಜಿನಲ್ಲಿ ಕಣ್ಣಾರೆ ಕಂಡಿದ್ದರು. ಆ ನೋಟವು ವ್ಯರ್ಥವಾಗಲಿಲ್ಲ.

ಸ್ವದೇಶಕ್ಕೆ ಮರಳಿದವರು ಮಾಲವೀಯರ ಕಾಶೀ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. 1930ರಲ್ಲಿ ಮುಂಬಯಿ ಇಲಾಖೆಯ ಶಿಕ್ಷಣ ಸೇವೆಗೆ ಬಂದರು. ಗಣಿತಶಾಸ್ತ್ರವು ಅಲ್ಲಿಗೆ ಒಬ್ಬ ಉಪಾಸಕನನ್ನು ಕಳೆದುಕೊಂಡಿತೆಂದು ಹೇಳಿದರೆ ತಪ್ಪಾಗದು. ಕಡತಗಳ ನಡುವೆ ಕುಳಿತವನಿಗೆ ಪ್ರಮೇಯಗಳನ್ನು ಚಿಂತಿಸುವ ಏಕಾಂತ ದೊರೆಯುವುದಿಲ್ಲ. ಸ್ವಾತಂತ್ರ್ಯ ಬಂದ 1947ರಲ್ಲಿ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಬಾಳಾಸಾಹೇಬ ಖೇರರ ಸರಕಾರವು ಪ್ರಾಥಮಿಕ ಶಿಕ್ಷಣದ ಹೊಸ ಕಾಯಿದೆಯನ್ನು ತಂದ ವರ್ಷವದು. ಗುಜರಾತಿನಿಂದ ಕಾರವಾರದವರೆಗೆ ಹರಡಿದ್ದ ಆ ವಿಶಾಲ ಪ್ರಾಂತದಲ್ಲಿ ಗುಜರಾತಿ, ಮರಾಠಿ, ಕನ್ನಡ ಮೂರು ಭಾಷೆಗಳ ಶಾಲೆಗಳನ್ನು ನೋಡಿಕೊಳ್ಳಬೇಕಾಗಿದ್ದ ಹೊಣೆಯನ್ನು ಅವರು ಏಳು ವರ್ಷ ಹೊತ್ತರು.

ಆ ನಡುವೆ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿತ್ತು. 1949ರಲ್ಲಿ ಅದರ ಕಚೇರಿ ಮೊದಲು ಮುಂಬಯಿಯಲ್ಲಿ ಆರಂಭವಾಗಿ ಅದೇ ವರ್ಷ ಧಾರವಾಡಕ್ಕೆ ಬಂದಿತು. ಅದಕ್ಕೆ ಸ್ವಂತ ಕಟ್ಟಡವಾಗಲಿ ಪ್ರಯೋಗಶಾಲೆಯಾಗಲಿ ಇರಲಿಲ್ಲ. ಕಾಲೇಜುಗಳಿಗೆ ಮಾನ್ಯತೆ ಕೊಡುವುದು, ಪರೀಕ್ಷೆ ನಡೆಸುವುದು, ಪ್ರಮಾಣಪತ್ರ ಹಂಚುವುದು: ಆರಂಭದ ಕಾಲದಲ್ಲಿ ಅದರ ಮುಖ್ಯ ವ್ಯವಹಾರ ಇಷ್ಟೆ. ರಾಧಾಕೃಷ್ಣನ್ನರ ಆಯೋಗವು ವಿಶ್ವವಿದ್ಯಾನಿಲಯವೆಂದರೆ ಬರಿಯ ಪರೀಕ್ಷಾಮಂಡಲವಲ್ಲ, ಸಂಶೋಧನೆ ಅದರ ಪ್ರಾಣವೆಂದು ವಾದಿಸಿದುದೂ ಅದೇ 1949ರ ಸುಮಾರಿಗೆ. ವಾದವನ್ನು ಒಪ್ಪುವುದು ಸುಲಭ, ಹಣ ಹುಟ್ಟಿಸುವುದು ಕಷ್ಟ. 1954ರಲ್ಲಿ ಪಾವಟೆಯವರು ಅದರ ಉಪಕುಲಪತಿಗಳಾಗಿ ಬಂದರು. 1967ರ ವರೆಗೆ, ಹದಿಮೂರು ವರ್ಷ, ಆ ಸ್ಥಾನದಲ್ಲಿದ್ದರು. ಊರ ಹೊರಗೆ ಛೋಟಾ ಮಹಾಬಳೇಶ್ವರವೆಂದು ಜನ ಕರೆಯುತ್ತಿದ್ದ ಗುಡ್ಡದ ಮೇಲೆ ನೂರಾರು ಎಕರೆಯ ವಿದ್ಯಾನಗರವೊಂದು ಅವರ ಕಾಲದಲ್ಲಿ ಎದ್ದುನಿಂತಿತು. ಇಂದಿಗೂ ಅಂಚೆಯವನು ಆ ಆವರಣವನ್ನು ಪಾವಟೆನಗರವೆಂದೇ ಬಲ್ಲನು.

ಕಟ್ಟಡ ಕಟ್ಟಿಸಿದವರು ಅನೇಕರಿದ್ದಾರೆ. ಅದರೊಳಗೆ ಯಾರನ್ನು ಕೂಡಿಸಿದರೆಂಬುದು ಮುಖ್ಯ. ಭೌತಶಾಸ್ತ್ರಕ್ಕೆ ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಹೆಸರು ಗಳಿಸಿದ್ದ ಎನ್. ಆರ್. ತಾವಡೆಯವರು ಬಂದರು. ಗಣಿತಕ್ಕೆ ಬೆಂಗಳೂರಿನ ಕಡೆಯಿಂದ ಸಿ. ಎನ್. ಶ್ರೀನಿವಾಸಯ್ಯಂಗಾರ್ಯರು ಬಂದರು, ಪ್ರಾಚೀನ ಭಾರತೀಯ ಗಣಿತದ ಇತಿಹಾಸವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1967ರಲ್ಲಿ ಪ್ರಕಟವಾಯಿತು. ರಸಾಯನಶಾಸ್ತ್ರದಲ್ಲಿ ಎಸ್. ಸಿದ್ದಪ್ಪನವರು ಸಾವಯವ ಸಂಯುಕ್ತಗಳ ಸಂಶೋಧನೆಯನ್ನು ನಡೆಸಿದರು. ಗುರು ಬಂದನೆಂದರೆ ಶಿಷ್ಯರು ಬಂದರು. ಶಿಷ್ಯರು ಬಂದರೆಂದರೆ ಮಹಾಪ್ರಬಂಧಗಳು ಬಂದವು.

ತಾವಡೆಯವರ ಶಾಖೆ ವರ್ಣಪಟಲ ವಿಜ್ಞಾನ. ಅಲ್ಲಿ ಒಬ್ಬ ಸಂಶೋಧನಾರ್ಥಿಯು ಮಾಡುತ್ತಿದ್ದ ಕೆಲಸವೇನೆಂಬುದನ್ನು ತಿಳಿದರೆ ಡಾಕ್ಟರ್ ಪದವಿಯ ಹಿಂದಿನ ಬೆವರು ಅರಿವಾಗುತ್ತದೆ. ಉರಿಯುವ ಜ್ವಾಲೆಯಲ್ಲಿಯೋ ವಿದ್ಯುತ್ತಿನ ಕಮಾನಿನಲ್ಲಿಯೋ ಎರಡು ಪರಮಾಣುಗಳು ಕೂಡಿದ ಅಣುಗಳು ಬೆಳಕನ್ನು ಬೀರುತ್ತವೆ. ಆ ಬೆಳಕನ್ನು ಅಶ್ರಗದ ಮೂಲಕ ಹಾಯಿಸಿದರೆ ಅದು ಮಳೆಬಿಲ್ಲಿನಂತೆ ಹರಡುವುದಲ್ಲದೆ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. ಪ್ರತಿಯೊಂದು ಪಟ್ಟಿಯೂ ಅಣುವಿನೊಳಗಿನ ಕಂಪನದ ಒಂದು ಸುದ್ದಿ. ಅದನ್ನು ಛಾಯಾಫಲಕದ ಮೇಲೆ ಹಿಡಿಯಬೇಕು. ಕೆಲವೊಮ್ಮೆ ಒಂದೇ ಫಲಕಕ್ಕೆ ಗಂಟೆಗಟ್ಟಲೆ ಬೆಳಕು ಬೀಳಿಸಬೇಕು. ನಡುವೆ ವಿದ್ಯುತ್ತು ಏರುಪೇರಾದರೆ ಮೊದಲಿಂದ ಆರಂಭ. ಬಳಿಕ ಪಟ್ಟಿಗಳ ತೀಕ್ಷ್ಣತೆಯನ್ನು ಅಳೆದು, ಸಿದ್ಧಾಂತವು ಹೇಳುವ ಸಂಖ್ಯೆಗಳೊಡನೆ ಹೊಂದಿಸಿ, ಜ್ವಾಲೆಯ ಉಷ್ಣತೆಯನ್ನೂ ಅಣುವಿನ ಸ್ವಭಾವವನ್ನೂ ನಿರ್ಣಯಿಸಬೇಕು. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳ ಕಾಲವದು. ಎಲ್ಲ ಮುಗಿದ ಮೇಲೆ ಬರೆದ ಪ್ರಬಂಧವು ಪರಸ್ಥಳದ ಪರೀಕ್ಷಕರ ಕೈಗೆ ಹೋಗುತ್ತಿತ್ತು. ಪೂರ್ವಪಕ್ಷವನ್ನು ಪೂರ್ಣವಾಗಿ ಮಂಡಿಸದೆ ಸಿದ್ಧಾಂತವನ್ನು ಹೇಳಲಾಗದೆಂಬ ನಮ್ಮ ಶಾಸ್ತ್ರಕಾರರ ನಿಯಮವೇ ಇಲ್ಲಿಯೂ ನಡೆಯುತ್ತದೆ: ಹಿಂದಿನವರು ಇದೇ ವಿಷಯದಲ್ಲಿ ಬರೆದುದೆಲ್ಲವನ್ನೂ ಓದಿರದವನ ಪ್ರಬಂಧಕ್ಕೆ ಬೆಲೆಯಿಲ್ಲ.

ಹಿಂದಿನವರು ಬರೆದುದೆಲ್ಲವನ್ನೂ ಓದಬೇಕಾದರೆ ಅದು ಊರಲ್ಲಿ ಇರಬೇಕಷ್ಟೆ. ಗ್ರಂಥಾಲಯದ ವಿಷಯ ಇಲ್ಲಿ ಬರುತ್ತದೆ. ವಿಜ್ಞಾನದ ವಿದೇಶೀ ಪತ್ರಿಕೆಗಳು ದುಬಾರಿ. ಒಂದು ವರ್ಷ ಚಂದಾ ನಿಂತರೆ ಸರಣಿ ಮುರಿದುಬೀಳುತ್ತದೆ. ಹಳ್ಳಿಗೊಂದು ಕಾಲೇಜು ಕೇಳುವವರ ಗದ್ದಲದಲ್ಲಿ ಯಾರೂ ಕಾಣದ ಪತ್ರಿಕೆಗಳಿಗೆ ಹಣ ತೆಗೆದಿಡುವುದು ಜನಪ್ರಿಯವಾದ ಕೆಲಸವಲ್ಲ. ಪಾವಟೆಯವರಂತಹ ಗಣಿತಜ್ಞನು ಆಡಳಿತದ ಗಾದಿಯಲ್ಲಿ ಕುಳಿತುದರ ಪ್ರಯೋಜನ ಇಂತಹ ಕಡೆ ಕಾಣುತ್ತದೆ. 1953ರಲ್ಲಿ ಹುಟ್ಟಿ 1956ರಲ್ಲಿ ಶಾಸನಬದ್ಧವಾದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದಿಂದ ನೆರವನ್ನು ಪಡೆಯಬೇಕಾದರೆ ಎಷ್ಟೋ ಯೋಜನೆಗಳಿಗೆ ರಾಜ್ಯ ಸರಕಾರವೋ ವಿಶ್ವವಿದ್ಯಾನಿಲಯವೋ ತನ್ನ ಪಾಲನ್ನು ಮೊದಲು ತೋರಿಸಬೇಕಾಗಿತ್ತು. ಮುಂಬಯಿಯ ಸಚಿವಾಲಯದಲ್ಲಿ ಕಲಿತ ಲೆಕ್ಕಾಚಾರವು ಅವರಿಗೆ ಇಲ್ಲಿ ಒದಗಿತು.

1956ನೆಯ ನವೆಂಬರ್ 1ರಂದು ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದವು. ಉಸ್ಮಾನಿಯಾಕ್ಕೆ ಸೇರಿದ್ದ ಇಲ್ಲಿಯ ಕಾಲೇಜುಗಳು ಧಾರವಾಡದ ಆಡಳಿತಕ್ಕೆ ಬಂದವು. ಹೊಸ ತಾಯಿ ಮಲತಾಯಿಯಾಗುವಳೋ ಎಂಬ ಶಂಕೆ ಆಗ ಇಲ್ಲದಿರಲಿಲ್ಲ. ಮುಂಬಯಿ ಕರ್ನಾಟಕದ ಹುಡುಗರು ಅರ್ಧ ಶತಮಾನದ ಶಾಲೆಗಳನ್ನು ಬೆನ್ನಿಗಿಟ್ಟುಕೊಂಡವರು. ಇಲ್ಲಿಯವರು ನಿನ್ನೆಯವರೆಗೆ ಉರ್ದುವಿನಲ್ಲಿ ಕಲಿತು ಇಂದು ಇಂಗ್ಲಿಷಿನಲ್ಲಿ ಬರೆಯಬೇಕಾದವರು. ಒಂದೇ ಪ್ರಶ್ನಪತ್ರಿಕೆಯ ಮುಂದೆ ಇಬ್ಬರನ್ನೂ ಕೂಡಿಸಿದರೆ ಅದು ಸಮಾನತೆಯೇ? ಅಂಕಗಳನ್ನು ಸಡಲಿಸುವುದು ಒಂದು ಪರಿಹಾರ. ಇಲ್ಲಿಯೇ ಒಳ್ಳೆಯ ಕಾಲೇಜುಗಳನ್ನು ಬೆಳೆಸುವುದು ಇನ್ನೊಂದು. ನಡೆದುದು ಎರಡನೆಯದು, ಮತ್ತು ಅದೇ ಯುಕ್ತವಾದುದು. ಅದರ ಕೀರ್ತಿ ಧಾರವಾಡದ್ದಷ್ಟೇ ಅಲ್ಲ. ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ನಿಜಾಮರ ಕಾಲದಲ್ಲಿಯೇ ವಿದ್ಯಾಸಂಸ್ಥೆಯನ್ನು ಕಟ್ಟಿ ಕನ್ನಡದ ದೀಪವನ್ನು ಹಿಡಿದವರು. ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಹುಟ್ಟಿ, ಅದೇ ವರ್ಷ ದೊಡ್ಡಪ್ಪ ಅಪ್ಪನವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1963ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ದಾನಿಗಳ ಹಣ, ಮಠದ ಆಶೀರ್ವಾದ, ವಿಶ್ವವಿದ್ಯಾನಿಲಯದ ಮಾನ್ಯತೆ ಈ ಮೂರೂ ಕೂಡಿದ ಕಾಲವದು.

ಆದರೂ ಎಂ.ಎಸ್‌ಸಿ. ಮತ್ತು ಅದರ ಮೇಲಿನ ಸಂಶೋಧನೆಗೆ ಹುಡುಗನು ಧಾರವಾಡಕ್ಕೇ ಹೋಗಬೇಕು. ಆಳಂದಕ್ಕಾಗಲಿ ಅಫಜಲಪುರಕ್ಕಾಗಲಿ ರೈಲು ಇರಲಿಲ್ಲ. ಜೇವರ್ಗಿಯವನು ಭೀಮೆಯನ್ನು ದಾಟಿ ಕಲಬುರ್ಗಿಗೆ ಬರಬೇಕು. ಅಲ್ಲಿಂದ ದೊಡ್ಡ ಗಾಡಿಯಲ್ಲಿ ಹೋಟಗಿ ಜಂಕ್ಷನ್ನಿಗೆ ಹೋಗಿ, ಇಳಿದು, ವಿಜಾಪುರ ಗದಗುಗಳ ಮೇಲೆ ಹಾಯುವ ಮೀಟರ್ ಗೇಜಿನ ಗಾಡಿ ಹಿಡಿದು ಹುಬ್ಬಳ್ಳಿ ಸೇರಬೇಕು. ಟ್ರಂಕು, ಹಾಸಿಗೆಯ ಸುರುಳಿ, ಅವ್ವ ಕಟ್ಟಿಕೊಟ್ಟ ಜೋಳದ ಕಟಕು ರೊಟ್ಟಿ, ಶೇಂಗಾ ಹಿಂಡಿ. ಹೋದವನಿಗೆ ಊಟ ಎಲ್ಲಿ? ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯಪ್ಪಗಳು ಆರಂಭಿಸಿದ ಉಚಿತ ಪ್ರಸಾದನಿಲಯವಿದ್ದಿತು. ಉತ್ತರ ಕರ್ನಾಟಕದ ಎಷ್ಟೋ ಮಂದಿ ವಿದ್ವಾಂಸರ ಓದು ಆ ಪಂಕ್ತಿಯಲ್ಲಿ ಕುಳಿತು ಉಂಡ ಅನ್ನದಿಂದ ನಡೆದುದು. ವಿಜ್ಞಾನದ ಇತಿಹಾಸ ಬರೆಯುವವರು ಪ್ರಯೋಗಶಾಲೆಯ ಉಪಕರಣಗಳನ್ನು ಎಣಿಸುತ್ತಾರೆ. ದಾಸೋಹದ ಕೊಪ್ಪರಿಗೆಯನ್ನು ಎಣಿಸುವುದಿಲ್ಲ. ಎಣಿಸಬೇಕು.

ಪಾವಟೆಯವರ ಆಡಳಿತ ಬಿಗಿಯಾದುದು. ನಿಯಮವೆಂದರೆ ನಿಯಮ, ಗಣಿತದವನ ಸ್ವಭಾವವೇ ಅಂತಹುದು. ಒಬ್ಬರೇ ಹದಿಮೂರು ವರ್ಷ ಚುಕ್ಕಾಣಿ ಹಿಡಿದುದು ಎಲ್ಲರಿಗೂ ಪ್ರಿಯವಾಗಿರಲಾರದು. ಕನ್ನಡದ ದೃಷ್ಟಿಯಿಂದ ನೋಡಿದರೆ ಒಂದು ಕೊರತೆಯನ್ನು ಹೇಳಲೇಬೇಕು. ವಿಜ್ಞಾನದ ಮಹಾಪ್ರಬಂಧಗಳು ಇಂಗ್ಲಿಷಿನಲ್ಲಿಯೇ ಉಳಿದವು. ಅವುಗಳ ಸಾರವನ್ನು ತಿಳಿಗನ್ನಡದಲ್ಲಿ ಬರೆದಿಡುವ ಕಟ್ಟಳೆಯೊಂದು ಅಂದೇ ಬಂದಿದ್ದರೆ ನಮ್ಮ ಶಾಸ್ತ್ರಭಾಷೆ ಇಷ್ಟು ಹಿಂದುಳಿಯುತ್ತಿರಲಿಲ್ಲ. ಆದರೆ ಅವರು ಕನ್ನಡವನ್ನು ಮರೆತವರೆಂದು ಹೇಳಲಾಗದು. ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುವ, ಅವನ್ನು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಅಚ್ಚುಮಾಡುವ ಉಪನ್ಯಾಸ ಗ್ರಂಥಮಾಲೆಯು ಅವರ ಕಾಲದಲ್ಲಿ ಬೆಳೆಯಿತು. ಹಳೆಯ ಶಾಲೆಗಳ ಕಪಾಟುಗಳಲ್ಲಿ ಆ ತೆಳ್ಳನೆಯ ಪುಸ್ತಕಗಳು ಇನ್ನೂ ಸಿಕ್ಕುವುದುಂಟು. ಆರ್. ಸಿ. ಹಿರೇಮಠರೇ ಮೊದಲಾದವರು ವಚನ ಸಾಹಿತ್ಯದ ಸಂಪಾದನೆಗೆ ವಿಶ್ವವಿದ್ಯಾನಿಲಯದ ಬಲವನ್ನು ಪಡೆದುದೂ ಆ ದಶಕದಲ್ಲಿಯೇ.

1964ರಲ್ಲಿ ಅವರು ಶಿಕ್ಷಣಾಡಳಿತದ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1967ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಪಂಜಾಬದ ರಾಜ್ಯಪಾಲರಾಗಿ ಚಂಡೀಗಢಕ್ಕೆ ತೆರಳಿದರು. ಆ ರಾಜ್ಯವು ವಿಭಜನೆಗೊಂಡು ಒಂದೇ ವರ್ಷವಾಗಿತ್ತು. ಮಂತ್ರಿಮಂಡಲಗಳು ಬರುವುದೂ ಬೀಳುವುದೂ ನಡೆದಿತ್ತು. 1968ರಲ್ಲಿಯೂ 1971ರಲ್ಲಿಯೂ ರಾಷ್ಟ್ರಪತಿಗಳ ಆಡಳಿತ ಬಂದಿತು. 1973ರ ವರೆಗೆ ಅಲ್ಲಿದ್ದು ಮರಳಿದರು. ಆ ದಿನಗಳನ್ನು ಕುರಿತ ಪುಸ್ತಕ ಮರುವರ್ಷ ಹೊರಬಂದಿತು. ಅದು ರಾಜಕೀಯದ ಅಭ್ಯಾಸಿಗಳಿಗೆ ಉಪಯುಕ್ತವಾದ ಗ್ರಂಥ. ವಿದ್ಯಾಕ್ಷೇತ್ರದವರಿಗೆ ಮೊದಲನೆಯದೇ ಹೆಚ್ಚು ಹತ್ತಿರ.

ಧಾರವಾಡದಲ್ಲಿ ಅವರು ಬಿತ್ತಿದುದು ಅವರು ಹೋದ ಮೇಲೆ ಈ ಕಡೆ ಹಬ್ಬಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು ಕಲಬುರ್ಗಿಯಲ್ಲಿ ತೆರೆಯಿತು. ಹೋಟಗಿಯಲ್ಲಿ ಗಾಡಿ ಬದಲಿಸುವ ಕಷ್ಟ ಅನೇಕರಿಗೆ ತಪ್ಪಿತು. ಪಾವಟೆಯವರು 1979ರ ಜನವರಿಯಲ್ಲಿ ಲಿಂಗೈಕ್ಯರಾದರು. ಮರುವರ್ಷವೇ, 1980ರಲ್ಲಿ, ಆ ಕೇಂದ್ರವು ಗುಲ್ಬರ್ಗಾ ವಿಶ್ವವಿದ್ಯಾನಿಲಯವಾಯಿತು. ಜ್ಞಾನಗಂಗೆಯೆಂಬ ಅದರ ಆವರಣದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಮಹಾಪ್ರಬಂಧಗಳು ಸಿದ್ಧವಾಗತೊಡಗಿದವು. 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಆಳಂದ ತಾಲೂಕಿನ ಕಡಗಂಚಿಯ ಎರೆಹೊಲಗಳ ನಡುವೆ ನೆಲೆಗೊಂಡಿತು. ಪಾವಟೆಯವರ ಸ್ಮರಣೆಯ ಪ್ರತಿಷ್ಠಾನದ ನೆರವಿನಿಂದ ಕರ್ನಾಟಕದ ಯುವ ವಿದ್ವಾಂಸರು ಅವರು ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಅಧ್ಯಯನ ಮಾಡಿ ಬಂದಿದ್ದಾರೆ. ಹೈದರಾಬಾದಿನ ದಾರಿಯೊಂದೇ ಇದ್ದ ಆಳಂದದ ಹುಡುಗನಿಗೆ, ಹುಡುಗಿಗೆ ಸಹ, ಇಂದು ಭೌತಶಾಸ್ತ್ರದ ಸಂಶೋಧನೆಗೆ ಹೋಗಲು ತಾಲೂಕಿನ ಗಡಿಯನ್ನು ದಾಟಬೇಕಾಗಿಲ್ಲ. ಕಲಬುರ್ಗಿಯ ಬಸ್ಸು ಹತ್ತಿ ಕಡಗಂಚಿಯಲ್ಲಿ ಇಳಿದರಾಯಿತು.